ಬೆನ್ನ ಹಿಂದಿನ ಸಪ್ಪಳ

ಅಫ್ರೀನಳ ಹುಟ್ಟು ಮತ್ತೊಮ್ಮೆ ತಡವಾಗಿ ನೀರಿಗೆ ಬಿದ್ದ ಸಪ್ಪಳ ಶಾಂಭವಿಗೆ ಬೆನ್ನ ಹಿಂದೆ ಕೇಳಿಸಿತು. ತುಂಗಭದ್ರೆಯಲ್ಲಿ ಮುಂಡರಗಿಯ ನಾಲ್ವರು ಹುಡುಗಿಯರು ಹುಟ್ಟು ಹಾಕುವ ದೋಣಿಗೆ ವೇಗ ಕೊಡುವವಳು ಶಾಂಭವಿಯೇ. ಉಳಿದವರು ಅವಳ ಬೆನ್ನು ನೋಡಿಕೊಂಡೇ ಹುಟ್ಟು ಹಾಕಬೇಕು. ಅವಳು ಮಾತ್ರ ಹೊರಳಿ ನೋಡುವಂತಿಲ್ಲ.

ಅವಳೆದುರು ಕುಳಿತು ಚುಕ್ಕಾಣಿ ಹಿಡಿದಿದ್ದ ವಾಣಿಶ್ರೀ ಪಿಸುಗುಟ್ಟಿದಳು: "ಆಕಿ ಅಂಗೈ ಒಡದು ರಕ್ತ ಬರಾಕತ್ತೈತಿ ಲೇ. ಇನ್ನೊಮ್ಮಿ ತಪ್ಪಿದ್ರ ಸರ್ ಆಕಿನ್ನ ತಗದ ಹಾಕ್ತಾರ."

"ನಾ ನಿಧಾನ ಮಾಡಿದ್ರ?"

"ನಿನ್ನ ತಗೀತಾರ."

ರಾಜ್ಯದ ಪಂದ್ಯಕ್ಕೆ ಹುಡುಗಿಯರನ್ನು ಆರಿಸುವುದು ಇವತ್ತೇ. ದಂಡೆಯ ಮೇಲಿಂದ ತರಬೇತಿಯ ಸರ್ "ಜಲ್ದಿ, ಜಲ್ದಿ!" ಎಂದು ಕೂಗುತ್ತಿದ್ದರು. ಶಾಂಭವಿ ಒಂದು ಉಸಿರಿನಷ್ಟು ಹೊತ್ತು ಹುಟ್ಟನ್ನು ತಡೆದು, ಆಮೇಲೆ ನೀರಿಗಿಳಿಸಿದಳು. ನಾಲ್ಕೂ ಹುಟ್ಟುಗಳು ಒಂದೇ ಸಪ್ಪಳದಲ್ಲಿ ಮುಳುಗಿದವು. ಮತ್ತೆ ಹಾಗೆಯೇ ಮಾಡಿದಳು.

"ಏನಾತು ಶಾಂಭವಿ ನಿನಗ? ಆ ಜಾಗಾ ಬಿಡು, ನಾಳಿಯಿಂದ ಬರಬ್ಯಾಡ!" ಎಂದು ಸರ್ ದಂಡೆಯಿಂದ ಗದರಿದರು.

"ಸರ್, ಆಕಿ ನನ್ನ ಸಲುವಾಗಿ..." ಎಂದು ಅಫ್ರೀನ ಹಿಂದಿನಿಂದ ಬಾಯಿ ತೆರೆದಳು.

"ನೀ ಸುಮ್ನ ಹುಟ್ಟು ಹಾಕು," ಎಂದಳು ಶಾಂಭವಿ, ಹೊರಳದೆ. ಆಮೇಲೆ ದಂಡೆಗೆ ಕೇಳುವಂತೆ ಕೂಗಿದಳು: "ನನಗ ದಮ್ಮು ಹತ್ತೇತ್ರಿ ಸರ್. ಇದಕ್ಕಿಂತ ಜೋರು ನನ್ನ ಕೈಲಿ ಆಗಂಗಿಲ್ಲ."