ಒಂದೆಳೆಯ ಗಟ್ಟಿಮೇಳ

ಮದುವೆಗಳಲ್ಲಿ ವಾಲಗದ ಬದಲು ಹಣ್ಣುನೊಣದ ಮೊಟ್ಟೆಗಳು ಹಾಡುತ್ತಿದ್ದ ಕಾಲ. ಊರಿನ ಮದುವೆಗಳಿಗೆಲ್ಲ ಮೊಟ್ಟೆತಟ್ಟೆ ಒಯ್ಯುತ್ತಿದ್ದ ನಿಂಗಾಜಮ್ಮ ಅವತ್ತು ತನ್ನ ಮಗಳ ಧಾರೆಗೇ ತಟ್ಟೆ ತಂದಿಟ್ಟಿದ್ದಳು. ನೊಣಗಳು ಬೆಳಗ್ಗೆಯಷ್ಟೇ ಇಟ್ಟ ಮೊಟ್ಟೆಗಳವು. ಹೆಣ್ಣು ಮೊಟ್ಟೆಗಳು ತುಂಬುದನಿಯಲ್ಲಿ ನುಡಿಯುತ್ತಿದ್ದವು, ಗಂಡು ಮೊಟ್ಟೆಗಳು ಸುಮ್ಮನೆ ಗುಂಯ್ಗುಡುತ್ತಿದ್ದವು.

"ಅರ್ಧ ತಟ್ಟೆಗೆ ಉಸಿರೇ ಇಲ್ವಲ್ಲ ಅತ್ತಿಗೆ," ಎಂದ ಮೈದುನ ಸಿಂಗ್ರಿಗೌಡ.

"ಹೆಣ್ಣು ಮೊಟ್ಟೆಯೊಳಗೆ ಹಾಡೋ ಎಳೆ ಎರಡು, ಗಂಡು ಮೊಟ್ಟೆಯೊಳಗೆ ಒಂದೇ ಎಳೆ ಕಣಪ್ಪ. ಆ ಒಂದೇ ಎರಡರಷ್ಟು ಹಾಡೋಕೆ ವಸಿ ಹೊತ್ತು ಹಿಡೀತದೆ. ತಡ್ಕೊ."

"ಅಣ್ಣ ತೀರ್ಕಂಡವ್ನೆ. ನೀವೊಬ್ರೇ ಹೆಂಗೆ ಧಾರೆ ಎರೀತೀರಿ? ನಾನೂ ನನ್ನೆಂಡ್ತೀನೂ ಎರೀತೀವಿ ಬುಡಿ."

ನಿಂಗಾಜಮ್ಮ ಹಾಲಿನ ಗಿಂಡಿ ಎತ್ತಿಕೊಂಡಳು. ಪುರೋಹಿತರು ಗಟ್ಟಿಮೇಳಕ್ಕೆ ಕೈಯೆತ್ತುವಷ್ಟರಲ್ಲಿ ಒಂದೆಳೆಯ ಮೊಟ್ಟೆಗಳು ಗಂಟಲು ಬಿಚ್ಚಿದವು. ತಟ್ಟೆಯ ತುಂಬ ಒಂದೇ ದನಿಯೆದ್ದು ಚಪ್ಪರ ಅದುರಿತು. ಸಿಂಗ್ರಿಗೌಡ ಬಗ್ಗಿ ತಟ್ಟೆಗೆ ಕಿವಿಯಿಟ್ಟ.

"ಇದ್ರಲ್ಲಿ ಒಂದೆಳೇವು ಯಾವು ಅತ್ತಿಗೆ?"

"ನೀನೇ ಹೇಳು," ಎಂದು ನಗುತ್ತ ಅವಳು ಒಬ್ಬಳೇ ಮುಂದೆ ಹೋಗಿ, ಮಗಳು ಅಳಿಯನ ಜೋಡಿಗೈ ಮೇಲೆ ಗಿಂಡಿ ಬಾಗಿಸಿದಳು. ಹಾಲು ಒಂದೇ ಸಮನೆ ಇಳಿಯಿತು.