ನಾಲ್ಕನೆಯ ದಿನ

೨೦೨೨ನೆಯ ಇಸವಿ, ಜೂನ್ ಎರಡು, ಗುರುವಾರ. ಮಗ ಹೇಮುವಿನ ದನಿ ಆ ಮನೆಯಲ್ಲಿ ಕೇಳಿ ಅಂದಿಗೆ ನಾನೂರೈದು ದಿನ. ಪೀತಾಂಬರ ಲೋಹನಿ ಜಗಲಿಯಲ್ಲಿ ಕುಳಿತು ದಿಲ್ಲಿ ಪ್ರಯಾಣದ ಪಟ್ಟಿ ಬರೆಯುತ್ತಿದ್ದರು. ಹೆಂಡತಿ ಖಿಮುಲಿ ಹೊಸ್ತಿಲಿಗೆ ಬಂದದ್ದೇ ತಡ, ಪಟ್ಟಿಯ ಕೆಳಗಿದ್ದ ಅಂಚೆಯ ಕಾಗದವನ್ನು ಜೇಬಿಗೆ ಸೇರಿಸಿದರು.

"ಏನದು ಮುಚ್ಚಿಟ್ಟಿದ್ದು?"

"ರೈಲಿನ ವೇಳಾಪಟ್ಟಿ."

ಅವಳು ತಿರುಗಿ ಒಲೆಯ ಕಡೆಗೆ ನಡೆದಳು.

ಪಟ್ಟಿಯಲ್ಲಿ ಹನ್ನೆರಡು ಸಾಲು. ಅಲ್ಮೋರಾದಿಂದ ಕಾಠಗೋದಾಮಿಗೆ ಜೀಪು, ಅಲ್ಲಿಂದ ರೈಲು. ದಿಲ್ಲಿಯಲ್ಲಿ ಬಿಸಿಲು ನಲವತ್ತೈದು ಡಿಗ್ರಿಗೆ ಏರುವ ಮೊದಲು ಕೆಲಸ ಮುಗಿಯಬೇಕು. ಬಸ್ಸಿನ ಯಾವ ಬದಿಗೆ ನೆರಳು, ಎಷ್ಟು ಬಾಟಲಿ ನೀರು, ಎಲ್ಲಿ ಕೂತು ದಣಿವಾರಿಸಿಕೊಳ್ಳುವುದು, ಎಲ್ಲವೂ ಇತ್ತು. ಮೂವತ್ತೊಂದು ವರ್ಷ ಗಣಿತ ಕಲಿಸಿದ ಕೈ ಅದು. ಹನ್ನೆರಡನೆಯ ಸಾಲಿನಲ್ಲಿ ಮಾತ್ರ 'ಮನೆಗೆ ಬಂದ ಮೇಲೆ' ಎಂದಷ್ಟೇ ಬರೆದು ಮುಂದಕ್ಕೆ ಖಾಲಿ ಬಿಟ್ಟಿದ್ದರು.

ಜೇಬಿನ ಕಾಗದ ದಿಲ್ಲಿಯ ಸಂಸ್ಥೆಯೊಂದರದು. ಇನ್ನೂರ ಹದಿನೇಳನೆಯ ಸಂಖ್ಯೆಯವರ ಸಂಬಂಧಿಕರು ಜೂನ್ ಹತ್ತರೊಳಗೆ ಗುರುತಿನ ಚೀಟಿಯೊಡನೆ ಬಂದು ಬಿಡಿಸಿಕೊಂಡು ಹೋಗತಕ್ಕದ್ದು. ತಪ್ಪಿದಲ್ಲಿ ಉಳಿದವರೊಡನೆ ಒಟ್ಟಾಗಿ ಸಾಗಿಸಲಾಗುವುದು. ಭೇಟಿಯ ವೇಳೆ ಬೆಳಗಿನ ಏಳರಿಂದ ಹನ್ನೊಂದು.

ಖಿಮುಲಿಗೆ ಓದು ಬಾರದು. ಅವಳ ಹೃದಯ ದುರ್ಬಲ; ಆಘಾತವಾಗದಂತೆ ನೋಡಿಕೊಳ್ಳಿ ಎಂದು ವೈದ್ಯರು ಎಚ್ಚರಿಸಿದ್ದರು. ಆದುದರಿಂದ ಮಗ ಫೋನು ಇಟ್ಟುಕೊಳ್ಳಲು ಬಿಡದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಲೋಹನಿ ಹೇಳಿದ್ದರು. ತಿಂಗಳಿಗೊಂದು ಕಾಗದವನ್ನು ತಾವೇ ಬರೆದು, ಅವನದೆಂದು ಓದಿ ಹೇಳುತ್ತಿದ್ದರು. ಈವರೆಗೆ ಹದಿಮೂರು. ಅವಳು ಪ್ರತಿಯೊಂದನ್ನೂ ಇಸಿದುಕೊಂಡು ದಿಂಬಿನಡಿ ಇಡುತ್ತಿದ್ದಳು. ಈಗ ದಿಲ್ಲಿಗೆ ಹೋಗಿ ಅವನನ್ನು ಕರೆತರುವೆನೆಂದು ಲೋಹನಿ ಹೇಳಿದ್ದರು.

"ಹದಿಮೂರು ಕಾಗದದಲ್ಲಿ ಒಂದು ಸಲವೂ ನನ್ನ ಜೊತೆ ಜಗಳ ಆಡಿಲ್ಲ," ಎಂದು ಮೊನ್ನೆ ನಕ್ಕಿದ್ದಳು. "ದಿಲ್ಲಿ ಅವನನ್ನ ಭಾರೀ ಸಾಧು ಮಾಡಿಬಿಡ್ತು."

ಅವಳ ನಗು ಈಚೆಗೆ ಅಪರೂಪ. ಕಳೆದ ದೀಪಾವಳಿಗೂ ಹೋಳಿಗೂ ಆ ಮನೆಯ ಒಲೆಗೆ ಬಾಣಲೆ ಏರಿರಲಿಲ್ಲ. ಎಣ್ಣೆ ತುಟ್ಟಿ ಎಂದಿದ್ದಳು.

ಮಧ್ಯಾಹ್ನ ಜೀಪಿನ ಚನರ್ ಸಿಂಗ್ ಬಂದ.

"ಮೇಷ್ಟ್ರೇ, ಈ ಬಿಸಿಲಿಗೆ ದಿಲ್ಲಿಯವರೇ ಬೆಟ್ಟ ಹತ್ತಿ ಓಡಿ ಬರ್ತಿದ್ದಾರೆ. ನೀವು ಇಳಿದು ಹೋಗ್ತೀನಿ ಅಂತೀರಲ್ಲ!" ಎಂದವನು ದನಿ ತಗ್ಗಿಸಿದ. "ನನ್ನ ಹತ್ರ ಹೇಳಿ, ಪರವಾಗಿಲ್ಲ. ಫೋನು ಇಟ್ಕೊಳ್ಳೋಕೆ ಬಿಡದ ಜಾಗ ಅಂದ್ರೆ ಸರಳಿನ ಬಾಗಿಲಿರೋದೇ. ಊಟ ಸರ್ಕಾರದ್ದು. ಏನ್ ಮಾಡಿದ್ದ ನಮ್ಮ ಹೇಮು?"

"ನಾಡಿದ್ದಿಗೆ ಮುಂದಿನ ಸೀಟು ನನಗಿರಲಿ," ಎಂದರು ಲೋಹನಿ.

ಊರು ಹಾಗೆಯೇ ತಿಳಿದುಕೊಳ್ಳಲಿ ಎಂದು ಅವರು ಎಂದೋ ನಿರ್ಧರಿಸಿದ್ದರು.

ಸಂಜೆಗೆ ಮೊದಲು ಖಿಮುಲಿ ದಾರ ಹಿಡಿದು ಬಂದು ಅವರ ಕತ್ತಿನಿಂದ ಎದೆಯವರೆಗೆ ಅಳೆದಳು.

"ಏನಿದು?"

"ಸೆಕೆಗೆ ಒಂದು ತೆಳು ಅಂಗಿ."

"ಅಂಗಿಗೆ ಇಷ್ಟೇ ಅಳತೆ ಸಾಕೇನು?"

"ಲೆಕ್ಕ ನಿಮ್ಮದು, ಹೊಲಿಗೆ ನಂದು. ಸುಮ್ನೆ ನಿಂತ್ಕೊಳ್ಳಿ." ದಾರಕ್ಕೆ ಗಂಟು ಹಾಕುತ್ತ ಕೇಳಿದಳು: "ಹೋಗೋಕೆ ಒಂದು ದಿನ, ಅಲ್ಲಿ ಒಂದು, ಬರೋಕೆ ಒಂದು. ನೀವು ನಾಲ್ಕು ದಿನ ಅಂದ್ರಿ. ಲೆಕ್ಕದ ಮೇಷ್ಟ್ರಿಗೆ ಒಂದು ದಿನ ಜಾಸ್ತಿ ಬಂತಲ್ಲ?"

"ದಿಲ್ಲಿ ದೊಡ್ಡ ಊರು."

"ಇರ್ಲಿ. ಆ ದಿನ ಅವಸರ ಮಾಡ್ಬೇಡಿ." ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮತ್ತೆ ಹೇಳಿದಳು: "ಬರುವಾಗ ಅವನನ್ನ ನೆಲದ ಮೇಲೆ ಕೂರಿಸ್ಬೇಡಿ. ಸೀಟು ಸಿಗದಿದ್ರೆ ಮಡಿಲಲ್ಲಿ ಕೂರಿಸ್ಕೊಳ್ಳಿ."

"ಇಪ್ಪತ್ತೊಂಬತ್ತು ವರ್ಷದ ಗಂಡಾಳನ್ನ!"

"ಅವನ ಭಾರ ಎಷ್ಟು ಅಂತ ನನಗೆ ಗೊತ್ತು. ಹೊಳೆ ದಾಟುವಾಗಲೆಲ್ಲ ಅವನಿಗೆ ಹೇಳಿ. ಸಣ್ಣವನಿದ್ದಾಗ ಸೇತುವೆ ಅಂದ್ರೆ ಹೆದರ್ತಿದ್ದ."

ಲೋಹನಿ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಶನಿವಾರ ಜೀಪು ಹೊರಡುವಾಗ ಒಂದು ಗಂಟು ಕೊಟ್ಟಳು. "ಹೇಮು ಕೈಗೆ ಸಿಕ್ಕ ಮೇಲೆ ಬಿಚ್ಚಿ. ಮೊದಲು ಬೇಡ."

ಭಾನುವಾರ ಬೆಳಗಿನ ಏಳಕ್ಕೇ ದಿಲ್ಲಿಯ ಗಾಳಿ ಒಲೆಯ ಬಾಯಿಯಂತಿತ್ತು. ಕಾವಲುಗಾರ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡು, ಬೀಗದ ಕೈಗೊಂಚಲು ಹಿಡಿದು ಮುಂದೆ ನಡೆದ. ಎರಡೂ ಬದಿಗೆ ಕಬ್ಬಿಣದ ಬಾಗಿಲುಗಳ ಸಾಲು. ಇನ್ನೂರ ಹದಿನೇಳರ ಮುಂದೆ ನಿಂತು ಬೀಗ ತೆಗೆದ. ಬಾಗಿಲು ಒಂದು ಮೊಳ ಎತ್ತರವಿತ್ತು. ಒಳಗೆ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆ, ಅದರ ಮೇಲೆ ಮಸಿಯಲ್ಲಿ ಮಗನ ಹೆಸರು. ಹಿಂದಿನ ವರ್ಷದ ಏಪ್ರಿಲಿನಲ್ಲಿ, ರೋಗದ ಆ ದಿನಗಳಲ್ಲಿ, ಯಾರೂ ಬರಲಾಗದಿದ್ದಾಗ ಗೆಳೆಯನೊಬ್ಬ ಹೇಮುವಿಗೆ ಬೆಂಕಿ ಕೊಟ್ಟು, ಅಸ್ಥಿಯನ್ನು ಸ್ಮಶಾನದ ಈ ಗೂಡಿನಲ್ಲಿಟ್ಟು ಚೀಟಿ ಕಳುಹಿಸಿದ್ದ.

"ಚೀಲ ತಂದಿದ್ದೀರಾ ಬಾಬೂಜಿ?" ಎಂದು ಕಾವಲುಗಾರ ಕೇಳಿದ. "ಹರಿದ್ವಾರ ಮುಟ್ಟೋವರೆಗೂ ನೆಲಕ್ಕಿಡೋ ಹಾಗಿಲ್ಲ. ಕೆಂಪು ಚೀಲದಲ್ಲಿ ಕತ್ತಿಗೆ ಹಾಕ್ಕೊಂಡೇ ಹೋಗ್ಬೇಕು. ದಾರೀಲಿ ಹೊಳೆ ಬಂದಾಗಲೆಲ್ಲ ಅವರಿಗೆ ಹೇಳ್ತಾ ಹೋಗಿ, ಹಿಂದೆ ಉಳಿದುಬಿಡ್ತಾರೆ."

ಹರಿದ್ವಾರಕ್ಕೆಂದು ನಾಲ್ಕನೆಯ ದಿನವನ್ನು ತೆಗೆದಿಟ್ಟಿದ್ದರೂ ಪಟ್ಟಿಯ ಹನ್ನೆರಡು ಸಾಲುಗಳಲ್ಲಿ ಚೀಲ ಇರಲಿಲ್ಲ. ಲೋಹನಿ ಒಂದು ಕೈಯಲ್ಲಿ ಮಡಕೆಯನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಿಂದ ಖಿಮುಲಿಯ ಗಂಟನ್ನು ಬಿಚ್ಚಿದರು.

ಅಂಗಿ ಇರಲಿಲ್ಲ. ಹೊಸ ಕೆಂಪು ಬಟ್ಟೆಯ ಚೀಲವಿತ್ತು. ಅದರ ದಾರ ಅವರ ಕತ್ತಿನಿಂದ ಎದೆಯವರೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಬಂದಿತು. ಸಾವಾದ ಮನೆಯಲ್ಲಿ ವರ್ಷವಿಡೀ ಹಬ್ಬಕ್ಕೆ ಬಾಣಲೆ ಏರುವುದಿಲ್ಲವೆಂಬುದು ಅವರಿಗೆ ಆಗ ನೆನಪಾಯಿತು.

ಚೀಲದ ತಳದಲ್ಲಿ, ಮಗನೊಡನೆ ಗಂಗೆಗೆ ಬಿಡಲೆಂದು, ಅವರು ಬರೆದ ಹದಿಮೂರು ಕಾಗದಗಳೂ ಇದ್ದವು.