ಊದಿನಕಡ್ಡಿ ಹೊಸೆಯುವ ಮಣೆ

ಮುಕ್ತ ವ್ಯಾಪಾರ ಒಪ್ಪಂದಕ್ಕೆ ಐದು ವರ್ಷ ತುಂಬಿದ ಸಮಾರಂಭ. ವೇದಿಕೆಯ ಮೇಲೆ ಕೈಕುಲುಕಲು ಎರಡೂ ದೇಶಗಳಿಂದ ಊದಿನಕಡ್ಡಿ ಹೊಸೆಯುವ ಒಬ್ಬೊಬ್ಬ ಹೆಂಗಸನ್ನು ಕರೆಸಿದ್ದರು. ನಮ್ಮ ಕಡೆಯಿಂದ ಚಿಕ್ಕತಾಯಮ್ಮ ಬಂದಿದ್ದಳು. ಅವಳ ಕೆಲಸ ನಿಂತು ನಾಲ್ಕು ವರ್ಷವಾಗಿತ್ತು.

"ಸುಂಕ ತೆಗೆದ ಮೇಲೆ, ಯಾರು ಅಗ್ಗವಾಗಿ ಮಾಡ್ತಾರೋ ಅವರಿಗೆ ಕೆಲಸ ಹೋಗುತ್ತೆ ಕಣಮ್ಮ. ನಿಮ್ಮದು ಆ ದೇಶದವರಿಗೆ ಹೋಯಿತು, ಅಷ್ಟೇ," ಎಂದು ಆಗ ಕಾರ್ಖಾನೆಯ ಸಾಹೇಬರು ಹೇಳಿದ್ದರು.

ತನ್ನ ಕೆಲಸ ಪಡೆದ, ಕಂಡರಿಯದ ಆ ಹೆಂಗಸಿಗೆ ಅವಳು ಒಂದು ವರ್ಷ ಶಾಪ ಹಾಕಿದಳು. ಆಮೇಲೆ, ಹೋಗಲಿ, ಅವಳ ಮಕ್ಕಳಾದರೂ ಹೊಟ್ಟೆ ತುಂಬ ಉಣ್ಣಲಿ ಅಂದುಕೊಂಡಳು.

ಇವತ್ತು ತನ್ನ ಮಣೆಯನ್ನೇ ಚೀಲದಲ್ಲಿ ತಂದಿದ್ದಳು. ಮೂವತ್ತು ವರ್ಷ ಅಂಗೈ ಉಜ್ಜಿ ಉಜ್ಜಿ ಅದರ ನಡುವೆ ಹಳ್ಳ ಬಿದ್ದಿತ್ತು.

"ತಗೊಳವ್ವ. ಕೆಲ್ಸ ಹೆಂಗೂ ನಿನ್ ತಾವ್ಕೆ ಬಂದದೆ, ಮಣೆನೂ ನಿನ್ ತಾವೇ ಇರ್ಲಿ."

ದುಭಾಷಿ ಅದನ್ನು ಆ ದೇಶದಿಂದ ಬಂದ ಹೆಂಗಸಿಗೆ ಅವಳ ಭಾಷೆಯಲ್ಲಿ ಹೇಳಿದ. ಆ ಹೆಂಗಸು ಚಿಕ್ಕತಾಯಮ್ಮನ ಮುಖವನ್ನೇ ನೋಡುತ್ತ ತನ್ನ ಚೀಲಕ್ಕೆ ಕೈಹಾಕಿದಳು. ಹೊರಗೆ ಬಂದದ್ದು ಇನ್ನೊಂದು ಮಣೆ. ಅದರ ನಡುವೆಯೂ ಹಳ್ಳ.

ಅವಳಾಡಿದ ಎರಡು ಮಾತನ್ನು ದುಭಾಷಿ ತಡೆದು ತಡೆದು ಹೇಳಿದ: "ಇದನ್ನ ನಿಮಗೆ ಕೊಡೋಕೆ ಅಂತ ತಂದರಂತೆ ಅಮ್ಮ. ಅವರ ಕೆಲಸ ನಿಮಗೆ ಹೋಯಿತು ಅಂತ ಅಲ್ಲಿಯ ಸಾಹೇಬರು ಹೇಳಿದ್ದರಂತೆ."